ಕಥೆ ಯಾರದ್ದೇ ಇರಲಿ, ಹಾಡು ನಮ್ಮದಾಗಲಿ

(ಪ್ರೀತಿ, ನಗೆ, ಹಾಡು ಮೂರೂ ಇರುವ ಹಗುರ ನಾಟಕವೊಂದನ್ನು ಆಡಲು ಹೊರಟ ನಗರದ ಹುಡುಗ ಹುಡುಗಿಯರ ಮುಂದೆ ಮಾಡಿದ ಭಾಷಣದ ಬರಹರೂಪ)



ನಾಟಕ ಆಡಬೇಕು ಅಂತ ಹೊರಟಿದ್ದೀರಿ. ಅದೂ ಎಂಥ ನಾಟಕ? ಪ್ರೀತಿಯ ನಾಟಕ, ನಗಿಸುವ ನಾಟಕ, ಹಾಡುವ ನಾಟಕ. ಬಹಳ ಸಂತೋಷ. ಇದನ್ನು ಕೇಳಿದ ಕೂಡಲೇ ಕೆಲವು ಹಿರಿಯರು ಮೂಗು ಮುರಿಯುತ್ತಾರೆ. 'ನಾಡಿನಲ್ಲಿ ಇಷ್ಟೊಂದು ಸಮಸ್ಯೆಗಳಿರುವಾಗ ಈ ಹುಡುಗರಿಗೆ ಪ್ರೇಮ ಬೇಕಾಯಿತೇ?' ಅನ್ನುತ್ತಾರೆ. ಅವರಿಗೆ ಉತ್ತರ ಕೊಡುವ ಕೆಲಸ ನನಗಿರಲಿ. ನೀವು ತಾಲೀಮಿನ ಕಡೆ ಗಮನ ಕೊಡಿ.

ನನ್ನ ಉತ್ತರ ಇಷ್ಟೇ. ಕಚೇರಿಯಿಂದ ಹೊರಹಾಕಿದರೆ ಭಾಷೆ ಬಡವಾಗುತ್ತದೆ. ಶಾಲೆಯಿಂದ ಹೊರಹಾಕಿದರೆ ಸೊರಗುತ್ತದೆ. ಆದರೆ ಹರೆಯದವರ ಕೀಟಲೆಯಿಂದ, ಮುನಿಸಿನಿಂದ, ಪ್ರೀತಿಯಿಂದ ಹೊರಬಿದ್ದರೆ ಅದು ಬರೀ ಪೂಜೆಯ ಭಾಷೆ ಆಗಿಬಿಡುತ್ತದೆ. ನಮ್ಮ ನಗರಗಳ ಎಷ್ಟೋ ಕಾಲೇಜು ಉತ್ಸವಗಳನ್ನು ನೋಡಿ. ದೀಪ ಹಚ್ಚುವಾಗ ಕನ್ನಡ, ನಾಡಗೀತೆಗೆ ಕನ್ನಡ, ನವೆಂಬರಿನಲ್ಲಿ ಬಾವುಟ ಏರಿಸುವಾಗ ಕನ್ನಡ. ಹುಡುಗ ಹುಡುಗಿ ವೇದಿಕೆಯ ಮೇಲೆ ಕುಣಿಯುವ ಹೊತ್ತು ಬಂತೋ, ಹಿಂದಿಯದೋ ಇಂಗ್ಲಿಷಿನದೋ ರೆಕಾರ್ಡು ಶುರು! ಗೌರವಕ್ಕೆ ಒಂದು ಭಾಷೆ, ಖುಷಿಗೆ ಇನ್ನೊಂದು. ಗೌರವ ಮಾತ್ರ ಸಿಕ್ಕು ಖುಷಿ ಸಿಗದ ಭಾಷೆ ಎಷ್ಟು ದಿನ ಬಾಳೀತು? ಆದ್ದರಿಂದ ನೀವು ಮಾಡಹೊರಟಿರುವುದು ಹಗುರವಾದ ನಾಟಕವೇ ಇರಬಹುದು, ಹಗುರವಾದ ಕೆಲಸವಂತೂ ಅಲ್ಲ.

ಈಗ ಕೆಲಸಕ್ಕೆ ಬರೋಣ. 'ದುಡ್ಡಿಲ್ಲ, ದೊಡ್ಡ ರಂಗಮಂದಿರ ಇಲ್ಲ, ವಾದ್ಯವೃಂದ ಇಲ್ಲ' ಅಂತ ನಿಮ್ಮಲ್ಲಿ ಕೆಲವರು ಈಗಾಗಲೇ ಗೊಣಗುತ್ತಿದ್ದೀರಿ. ನಿಮಗೆ ನ್ಯೂಯಾರ್ಕಿನ ಒಂದು ಪುಟ್ಟ ನಾಟಕದ ಕಥೆ ಹೇಳುತ್ತೇನೆ.

42 ವರ್ಷ ಓಡಿದ ಬಡ ನಾಟಕ

ಅದರ ಹೆಸರು 'ದಿ ಫ್ಯಾಂಟಾಸ್ಟಿಕ್ಸ್'. ಮಾತು ಮತ್ತು ಹಾಡು ಬರೆದವನು ಟಾಮ್ ಜೋನ್ಸ್, ಸಂಗೀತ ಹಾರ್ವೆ ಶ್ಮಿಟ್ ಎಂಬಾತನದು. ಇಬ್ಬರೂ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಜೊತೆಯಾದ ಗೆಳೆಯರು. 1960ರ ಮೇ 3ರಂದು ನ್ಯೂಯಾರ್ಕಿನ ಸಲ್ಲಿವನ್ ಸ್ಟ್ರೀಟ್ ಪ್ಲೇಹೌಸ್‌ನಲ್ಲಿ ಪರದೆ ಮೇಲೆದ್ದಿತು. ಆ ರಂಗಮಂದಿರದಲ್ಲಿ ಇದ್ದದ್ದು ಸುಮಾರು 150 ಕುರ್ಚಿ. ನಮ್ಮೂರಿನ ಶಾಲೆಯ ಹಾಲ್ ಇದಕ್ಕಿಂತ ದೊಡ್ಡದು! ರಂಗಸಜ್ಜಿಕೆಗೆ ಆದ ಖರ್ಚು 900 ಡಾಲರ್, ಉಡುಪಿಗೆ 541 ಡಾಲರ್. ವಾದ್ಯ ಎಂದರೆ ಒಂದು ಪಿಯಾನೋ, ಒಂದು ಹಾರ್ಪ್.

ಶುರುವಿನಲ್ಲಿ ಜನ ಬರಲಿಲ್ಲ. ವಿಮರ್ಶಕರಲ್ಲಿ ಕೆಲವರು ಹೊಗಳಿದರು, ಕೆಲವರು ತಲೆ ಅಲ್ಲಾಡಿಸಿದರು. ನಿಲ್ಲಿಸಿಬಿಡು ಅಂತ ಹಿತೈಷಿಗಳು ಹೇಳಿದರು. ನಿರ್ಮಾಪಕ ಲೋರ್ ನೋಟೋ ಕೇಳಲಿಲ್ಲ. ಹಟ ಹಿಡಿದು ನಡೆಸಿದ. ಮುಂದೆ ವರ್ಷಗಟ್ಟಲೆ ಅದರಲ್ಲಿ ಒಬ್ಬ ಅಪ್ಪನ ಪಾತ್ರವನ್ನೂ ತಾನೇ ಮಾಡಿದ. ಬಾಯಿಂದ ಬಾಯಿಗೆ ಸುದ್ದಿ ಹರಡಿತು. ನಾಟಕ ನಿಂತದ್ದು ಯಾವಾಗ ಗೊತ್ತೆ? 2002ರ ಜನವರಿ 13ರಂದು. ಒಟ್ಟು 17,162 ಪ್ರದರ್ಶನ! 2006ರಲ್ಲಿ ಅದೇ ನಗರದಲ್ಲಿ ಮತ್ತೆ ಶುರುವಾಗಿ 2017ರವರೆಗೆ ನಡೆಯಿತು. ಅಮೆರಿಕದ ಲೆಕ್ಕವಿಲ್ಲದಷ್ಟು ಶಾಲೆ ಕಾಲೇಜುಗಳ ಮಕ್ಕಳು ಇದನ್ನು ಆಡಿದ್ದಾರೆ.

ಇದಕ್ಕೂ ಮುಂಚೆ ನಡೆದದ್ದನ್ನು ಕೇಳಿ, ನಿಮಗೆ ಪಾಠ ಇರುವುದು ಅಲ್ಲೇ. ಇದೇ ಕಥೆಯನ್ನು ಈ ಗೆಳೆಯರು ಮೊದಲು ದೊಡ್ಡದಾಗಿ ಮಾಡಲು ಹೋಗಿದ್ದರು. ಅಮೆರಿಕದ ಪಶ್ಚಿಮ ಭಾಗದ ಪಶುಪಾಲಕರ ಎರಡು ಮನೆತನ, ದೊಡ್ಡ ತಾರಾಬಳಗ, ಭಾರೀ ದೃಶ್ಯಗಳು. 1956ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಆಡಿಯೂ ನೋಡಿದರು. ಸರಿಹೋಗಲಿಲ್ಲ. ಕೈಬಿಟ್ಟರು. 1959ರ ಬೇಸಿಗೆಯಲ್ಲಿ ವರ್ಡ್ ಬೇಕರ್ ಎಂಬ ನಿರ್ದೇಶಕ ಗೆಳೆಯ ಬಂದು, ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಪುಟ್ಟ ರಂಗಮಂದಿರ ಸಿಕ್ಕಿದೆ, ಒಂದೇ ಅಂಕದ ನಾಟಕ ಬೇಗ ಬರೆದುಕೊಡಿ ಅಂದ. ಹೊತ್ತಿಲ್ಲ, ಹಣ ಇಲ್ಲ. ಬೇಡದ್ದನ್ನೆಲ್ಲ ಎಸೆದರು. ಕುದುರೆ ಹೋಯಿತು, ಬಯಲು ಹೋಯಿತು, ಜನಜಂಗುಳಿ ಹೋಯಿತು. ಉಳಿದದ್ದು ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರು ಅಪ್ಪಂದಿರು, ನಡುವೆ ಒಂದು ಗೋಡೆ. ನಾಟಕ ಗೆದ್ದದ್ದು ಆಗ! ದುಡ್ಡಿನ ಕೊರತೆ ಅವರಿಗೆ ಸಂಪಾದಕನ ಕೆಲಸ ಮಾಡಿಕೊಟ್ಟಿತು.

ಕಥೆ ಫ್ರಾನ್ಸಿನದು

ಆ ಗೋಡೆಯ ಕಥೆಯೂ ಅವರ ಸ್ವಂತದ್ದಲ್ಲ. ಅದು ಫ್ರೆಂಚ್ ನಾಟಕಕಾರ ಎಡ್ಮಂಡ್ ರೋಸ್ತಾಂ ಬರೆದ 'ಲೆ ರೊಮಾನೆಸ್ಕ್'. 1894ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಕೊಮೆಡಿ ಫ್ರಾನ್ಸೇಸ್‌ನಲ್ಲಿ ಮೊದಲು ಆಡಿದರು. ಮೂರು ಅಂಕ, ಪೂರ್ತಿ ಪದ್ಯದಲ್ಲಿದೆ. 1900ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂತು. ಜಾರ್ಜ್ ಫ್ಲೆಮಿಂಗ್ ಎಂಬ ಗಂಡಸಿನ ಹೆಸರಿಟ್ಟುಕೊಂಡು ಬರೆಯುತ್ತಿದ್ದ ಒಬ್ಬ ಹೆಣ್ಣುಮಗಳು ಮಾಡಿದ ಅನುವಾದ ಅದು. ಅಮೆರಿಕದ ನಾಟಕಕ್ಕೆ ಹೆಸರು ಸಿಕ್ಕಿದ್ದೇ ಆ ಅನುವಾದದಿಂದ.

ಕಥೆ ಕೇಳಿ. ಅಕ್ಕಪಕ್ಕದ ಎರಡು ತೋಟ, ನಡುವೆ ಹಳೆಯ ಗೋಡೆ. ಈ ಕಡೆಯ ಹುಡುಗ ಪೆರ್ಸಿನೆ, ಆ ಕಡೆಯ ಹುಡುಗಿ ಸಿಲ್ವೆಟ್. ಅವರ ಅಪ್ಪಂದಿರಿಗೆ ಹಾವು ಮುಂಗುಸಿಯ ಹಗೆ. ಮಕ್ಕಳು ಗೋಡೆ ಹತ್ತಿ ಕದ್ದು ಭೇಟಿಯಾಗುತ್ತಾರೆ, ರೋಮಿಯೋ ಜೂಲಿಯೆಟ್ ಓದುತ್ತಾರೆ, ತಾವೇ ಅವರೆಂದು ಭಾವಿಸಿ ನಿಟ್ಟುಸಿರು ಬಿಡುತ್ತಾರೆ. ಆದರೆ ಗುಟ್ಟೇನು? ಅಪ್ಪಂದಿರು ಪ್ರಾಣಸ್ನೇಹಿತರು! ತಮ್ಮ ಮಕ್ಕಳಿಗೆ ಮದುವೆಯಾಗಲಿ ಎಂದು ಅವರೇ ಹೂಡಿದ ಆಟ ಇದು. ಬೇಕು ಅಂದರೆ ಮಕ್ಕಳು ಒಲ್ಲೆ ಅನ್ನುತ್ತಾರೆ, ಬೇಡ ಅಂದರೆ ಓಡಿ ಹೋಗಿ ಮಾಡುತ್ತಾರೆ ಎಂಬುದು ಅವರ ಲೆಕ್ಕ. ಎಲ್ಲ ದೇಶದ ಅಪ್ಪಂದಿರಿಗೂ ಇದು ಗೊತ್ತು, ಹೇಳುವುದಿಲ್ಲ ಅಷ್ಟೇ.

ಸುಳ್ಳು ಹಗೆಯನ್ನು ಮುಗಿಸುವುದಕ್ಕೆ ಒಂದು ನೆಪ ಬೇಕಲ್ಲ? ಸ್ಟ್ರಾಫೊರೆಲ್ ಎಂಬ ಬಾಡಿಗೆ ಬಂಟನನ್ನು ಕರೆಸುತ್ತಾರೆ. ಅವನು ಹುಡುಗಿಯನ್ನು ಎತ್ತಿಕೊಂಡು ಹೋಗುವ ಸೋಗು ಹಾಕಬೇಕು, ಹುಡುಗ ಕತ್ತಿ ಹಿಡಿದು ಗೆಲ್ಲಬೇಕು, ಅಪ್ಪಂದಿರು ಕಣ್ಣೀರು ಹಾಕಿ ಒಂದಾಗಬೇಕು. ಬಂಟ ಮಹಾ ವ್ಯಾಪಾರಿ. ಗಾಡಿಯಲ್ಲಿ ಒಯ್ದರೆ ಒಂದು ದರ, ದೋಣಿಯಲ್ಲಾದರೆ ಇನ್ನೊಂದು, ದೀವಟಿಗೆ ಬೇಕಾದರೆ ಬೇರೆ, ಮುಖವಾಡಕ್ಕೆ ಮತ್ತೂ ಬೇರೆ ಅಂತ ಪಟ್ಟಿ ಓದುತ್ತಾನೆ. ನಮ್ಮ ಮದುವೆ ಕಂಟ್ರಾಕ್ಟರು ನೆನಪಾಗುತ್ತಾನೆ!

ಆಟ ನಡೆಯುತ್ತದೆ, ಗೋಡೆ ಬೀಳುತ್ತದೆ. ಆಮೇಲೆ ಏನಾಗುತ್ತದೆ? ದಿನಾ ಒಟ್ಟಿಗೆ ಇದ್ದು ಅಪ್ಪಂದಿರು ನಿಜವಾಗಿಯೇ ಕಚ್ಚಾಡುತ್ತಾರೆ. ಬಂಟನ ಬಿಲ್ಲು ಮಕ್ಕಳ ಕೈಗೆ ಸಿಕ್ಕಿ ಗುಟ್ಟು ರಟ್ಟಾಗುತ್ತದೆ. 'ನಮ್ಮ ಮಹಾಪ್ರೇಮ ಇಷ್ಟು ರೂಪಾಯಿ ಇಷ್ಟು ಕಾಸಿನದೇ?' ಅಂತ ಇಬ್ಬರಿಗೂ ಅವಮಾನ. ಹುಡುಗ ನಿಜವಾದ ಸಾಹಸ ಹುಡುಕಿಕೊಂಡು ಊರು ಬಿಡುತ್ತಾನೆ, ಚಿಂದಿ ಬಟ್ಟೆಯಲ್ಲಿ ಹಿಂದಿರುಗುತ್ತಾನೆ. ಹುಡುಗಿಯ ತಲೆಯಿಂದ ಕಾದಂಬರಿಯ ಭೂತ ಬಿಡಿಸುವವನೂ ಆ ಬಂಟನೇ. ಯಾಕೆ? ಮದುವೆ ಆಗದಿದ್ದರೆ ಅವನ ಬಿಲ್ಲು ಪಾವತಿಯಾಗುವುದಿಲ್ಲ! ಕೊನೆಗೆ ಇಬ್ಬರೂ ಒಬ್ಬರನ್ನೊಬ್ಬರು ಇದ್ದ ಹಾಗೇ ನೋಡುತ್ತಾರೆ. ಪ್ರೀತಿ ಶುರುವಾಗುವುದು ಆಗ.

ಇದರಲ್ಲಿ ನಗೆ ಇದೆ, ಯಾರನ್ನೂ ತುಳಿಯುವ ನಗೆಯಲ್ಲ. ಪ್ರೀತಿ ಇದೆ, ಸುಳ್ಳು ಸಿಹಿ ಅಲ್ಲ. ಅಮೆರಿಕದವರು ಮೊದಲ ಅಂಕವನ್ನು ಬೆಳದಿಂಗಳಲ್ಲಿಟ್ಟು, ಎರಡನೆಯದನ್ನು ಸುಡುವ ಬಿಸಿಲಲ್ಲಿಟ್ಟರು. ಒಂದೇ ರಟ್ಟಿನ ಬಿಲ್ಲೆ. ಒಂದು ಮಗ್ಗುಲು ಚಂದ್ರ, ಇನ್ನೊಂದು ಮಗ್ಗುಲು ಸೂರ್ಯ. ನಿಮ್ಮ ವಯಸ್ಸಿನವರಿಗೆ ಇದಕ್ಕಿಂತ ಒಳ್ಳೆಯ ಕಥೆ ಯಾವುದಿದೆ? ಬೆಳದಿಂಗಳ ಅಂಕ ಮಾತ್ರ ಆಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನೀವು ಬಿಸಿಲಿನ ಅಂಕವನ್ನು ಬಿಡಬೇಡಿ.

ಗೋಡೆ ಎಂದರೆ ಒಂದು ಕೋಲು

ಆ ನಾಟಕದಲ್ಲಿ ಗೋಡೆ ಹೇಗೆ ಮಾಡಿದರು? ಮಾತಾಡದ ಒಬ್ಬ ನಟ ಒಂದು ಕೋಲು ಹಿಡಿದು ನಿಂತ. ಗೋಡೆ ಆಯಿತು! ಮಳೆ ಬೇಕಾದಾಗ ಅವನೇ ಬಣ್ಣದ ಕಾಗದದ ಚೂರು ತೂರಿದ. ಮಳೆ ಆಯಿತು. ಕಥೆ ಹೇಳುವವನು ನೇರವಾಗಿ ಪ್ರೇಕ್ಷಕರ ಜೊತೆ ಮಾತಾಡಿದ. ಇಟಲಿಯ ಹಳೆಯ ಹಾಸ್ಯ ಮೇಳಗಳಿಂದ, ಶೇಕ್ಸ್‌ಪಿಯರನಿಂದ, ಪೂರ್ವ ಏಷ್ಯಾದ ರಂಗಪದ್ಧತಿಯಿಂದ ಅವರು ಇದನ್ನೆಲ್ಲ ಕಲಿತರು.

ನ್ಯೂಯಾರ್ಕಿನವರು ಇದನ್ನು ಹುಡುಕಿಕೊಂಡು ಹೋಗಬೇಕಾಯಿತು. ನಮಗೆ ಇದು ಮನೆಯ ಹಿತ್ತಲಿನ ಸೊಪ್ಪು. ಇಬ್ಬರು ಹಿಡಿದ ಒಂದು ತೆರೆ ಸಾಕು, ಯಕ್ಷಗಾನದಲ್ಲಿ ಅರಮನೆಯೂ ಕಾಡೂ ಹುಟ್ಟುತ್ತವೆ. ಭಾಗವತ ಕಥೆ ಹೇಳುತ್ತಾನೆ, ಪಾತ್ರದ ಜೊತೆ ಮಾತಿಗೂ ಇಳಿಯುತ್ತಾನೆ. ಚಂದ್ರಶೇಖರ ಕಂಬಾರರು 1972ರ 'ಜೋಕುಮಾರಸ್ವಾಮಿ'ಯಲ್ಲಿ ಬಯಲಾಟದ ಹಾಡು, ಮೇಳ, ತುಂಟತನ ಎಲ್ಲವನ್ನೂ ನಗರದ ರಂಗಕ್ಕೆ ತಂದರು. ಅದಕ್ಕೂ ಹಿಂದೆ ಹೋದರೆ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಇದೆ. ಗುಬ್ಬಿ ವೀರಣ್ಣನವರು ಅದಕ್ಕೆ ಸೇರಿದ್ದು ಬಾಲನಟನಾಗಿ. 'ಸದಾರಮೆ'ಯಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾತ್ರಕ್ಕೆ ಜನ ಮುಗಿಬೀಳುತ್ತಿದ್ದರು. ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದೂ ಅದೇ ಕಂಪನಿಯನ್ನು. ಹಾಡು, ನಗೆ, ಪ್ರೀತಿ ಮೂರನ್ನೂ ಒಂದೇ ಮಂಟಪದಲ್ಲಿ ಕೂರಿಸುವುದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾದ್ದಲ್ಲ.

ಅನುಮತಿ ಯಾರದು? ಕಥೆ ಯಾರದು?

ಈಗ ಮುಖ್ಯ ಮಾತು. 'ಹಾಗಾದರೆ ಅಮೆರಿಕದ ನಾಟಕವನ್ನೇ ಕನ್ನಡಕ್ಕೆ ಇಳಿಸಿ ಆಡೋಣ' ಅಂತ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಬೇಡ. ಎರಡು ಕಾರಣಕ್ಕೆ ಬೇಡ.

ಮೊದಲನೆಯದು ಕಾನೂನು. ಅದರ ಹಾಡಿಗೂ ಮಾತಿಗೂ ಇನ್ನೂ ಹಕ್ಕುದಾರರಿದ್ದಾರೆ. ಶ್ಮಿಟ್ 2018ರಲ್ಲಿ, ಜೋನ್ಸ್ 2023ರಲ್ಲಿ ತೀರಿಕೊಂಡರು. ನಮ್ಮ ದೇಶದ ಕಾನೂನಿನಂತೆ ಲೇಖಕ ಸತ್ತ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಅನುಮತಿ ಕೇಳಬೇಕು, ಶುಲ್ಕ ಕಟ್ಟಬೇಕು. ಕದ್ದು ಆಡುವುದು ಬೇಡ. ಆದರೆ ರೋಸ್ತಾಂ ತೀರಿಕೊಂಡದ್ದು 1918ರಲ್ಲಿ. ಆ ಇಂಗ್ಲಿಷ್ ಅನುವಾದಕಿ ತೀರಿಕೊಂಡದ್ದು 1938ರಲ್ಲಿ. ಅವರ ಬರಹ ಈಗ ಊರ ಕೆರೆಯ ನೀರು. ಯಾರು ಬೇಕಾದರೂ ಕೊಡ ತುಂಬಿಕೊಳ್ಳಬಹುದು. ಗೋಡೆ, ಅಪ್ಪಂದಿರು, ಬಾಡಿಗೆ ಬಂಟ, ಬಿಲ್ಲು ಎಲ್ಲ ಅಲ್ಲೇ ಇವೆ. ನ್ಯೂಯಾರ್ಕಿನ ಇಬ್ಬರು ಗೆಳೆಯರು ತೆಗೆದುಕೊಂಡದ್ದೂ ಆ ಕೆರೆಯಿಂದಲೇ. ಅವರ ಮನೆಗೆ ಹೋಗಿ ನೀರು ಕೇಳುವ ಬದಲು ನೀವೂ ಕೆರೆಗೇ ಹೋಗಿ.

ಎರಡನೆಯದು ಭಾಷೆ. ಇಂಗ್ಲಿಷ್ ಧಾಟಿಗೆ ಕನ್ನಡದ ಮಾತು ತುರುಕಿದರೆ ಏನಾಗುತ್ತದೆ? ಇಂಗ್ಲಿಷ್ ಹಾಡು ನಡೆಯುವುದು ಒತ್ತಿನ ಮೇಲೆ, ಕನ್ನಡ ನಡೆಯುವುದು ಹ್ರಸ್ವ ದೀರ್ಘದ ಮೇಲೆ. ಧಾಟಿ ಎಳೆಯುತ್ತದೆ ಅಂತ ನೀವು ಹ್ರಸ್ವವನ್ನು ಎಳೆದರೆ ಅರ್ಥವೇ ಬದಲಾಗುತ್ತದೆ. ಹುಡುಗ ಪ್ರೀತಿಯಿಂದ 'ಬಳೆ ತಂದೆ' ಅಂತ ಹಾಡಹೋಗಿ 'ಬಾಳೆ ತಂದೆ' ಅನ್ನುತ್ತಾನೆ. ಹುಡುಗಿ ಕೈ ಚಾಚುತ್ತಾಳೆ, ಸಿಗುವುದು ಬಾಳೆಹಣ್ಣು! 'ಮರ' ಹೋಗಿ 'ಮಾರ' ಆಗುತ್ತದೆ, 'ಕಡು' ಹೋಗಿ 'ಕಾಡು' ಆಗುತ್ತದೆ. ಬೇಕೆಂದೇ ಮಾಡಿದರೆ ಒಳ್ಳೆಯ ಹಾಸ್ಯ. ಗೊತ್ತಿಲ್ಲದೆ ಮಾಡಿದರೆ ಪ್ರೇಕ್ಷಕ ನಿಮ್ಮನ್ನು ನೋಡಿ ನಗುತ್ತಾನೆ.

ಆದ್ದರಿಂದ ಮಾತು ಮೊದಲು ಬರೆಯಿರಿ, ಜೋರಾಗಿ ಓದಿ, ಅದು ಎಲ್ಲಿ ತಾನಾಗಿ ಕುಣಿಯುತ್ತದೋ ನೋಡಿ, ಆಮೇಲೆ ಧಾಟಿ ಕಟ್ಟಿ. ಅಂತ್ಯಪ್ರಾಸ ನಮ್ಮಲ್ಲಿ ಬಹಳ ಅಗ್ಗ. 'ಬಂದಳು, ನಿಂದಳು, ಅಂದಳು' ಅಂತ ಇಡೀ ರಾತ್ರಿ ಹೊಸೆಯಬಹುದು. ಅದರ ಜೊತೆಗೆ ಹಳಬರ ಆದಿಪ್ರಾಸವನ್ನೂ ಕಲಿಯಿರಿ. ಸಾಲಿನ ಎರಡನೇ ಅಕ್ಷರ ಮುಂದಿನ ಸಾಲಿನ ಎರಡನೇ ಅಕ್ಷರಕ್ಕೆ ತಾಗಿದಾಗ ಹಾಡು ತಮಟೆಯ ಹಾಗೆ ನುಡಿಯುತ್ತದೆ. ಇನ್ನೊಂದು ಅನುಕೂಲ ನಮಗುಂಟು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಪ್ರೀತಿಸುತ್ತಾನೋ ಬಿಡುತ್ತಾನೋ ಎಂಬುದನ್ನು ಸಾಲಿನ ಕೊನೆಯವರೆಗೆ ಬಚ್ಚಿಡಬಹುದು. ಹಾಸ್ಯ ಬರೆಯುವವನಿಗೆ ಇದಕ್ಕಿಂತ ಇನ್ನೇನು ಬೇಕು?

ನಮ್ಮ ಹಿರಿಯರು ಮಾಡಿದ್ದೂ ಇದನ್ನೇ. 1890ರಲ್ಲಿ ಎಂ.ಎಲ್. ಶ್ರೀಕಂಠೇಶಗೌಡರು ಶೇಕ್ಸ್‌ಪಿಯರನ ನಡುಬೇಸಿಗೆಯ ಕನಸಿನ ನಾಟಕವನ್ನು 'ಪ್ರಮೀಳಾರ್ಜುನೀಯ' ಮಾಡಿ ನಮ್ಮ ಪುರಾಣದ ಅಂಗಳದಲ್ಲಿ ನೆಟ್ಟರು. ಬಿ.ಎಂ.ಶ್ರೀ ಅವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಬಂದಾಗ ಬೀಜ ಹೊರಗಿನದು, ಬೆಳೆ ಕನ್ನಡದ್ದಾಗಿತ್ತು. ಹೊರಗಿನದನ್ನು ತರಬೇಡಿ ಅಂತ ನಾನು ಹೇಳುವುದಿಲ್ಲ. ತಂದದ್ದು ಇಲ್ಲಿ ಬೇರುಬಿಡಲಿ.

ಭಾಷೆ ಎಂದರೆ ಯಾವ ಕನ್ನಡ?

ನಿಮ್ಮ ನಾಟಕದಲ್ಲಿ ಪುಸ್ತಕದ ಕನ್ನಡ ಬೇಡ. ಒಬ್ಬ ಅಪ್ಪ ಧಾರವಾಡದ ಕಡೆಯವನಾಗಲಿ, ಇನ್ನೊಬ್ಬ ಮಂಡ್ಯದವನಾಗಲಿ. ನಗರದ ಒಂದು ಹೊಸ ಬಡಾವಣೆ, ಅಕ್ಕಪಕ್ಕದ ಎರಡು ಸೈಟು, ನಡುವೆ ಕಾಂಪೌಂಡು. ಜಗಳ ಹಚ್ಚಲು ಇನ್ನೇನು ಬೇಕು? ಆದರೆ ಒಂದು ಎಚ್ಚರ. ನಗು ಹುಟ್ಟುವುದು ಅವರ ಹಟದಿಂದ ಆಗಬೇಕು, ಅವರ ಆಡುಮಾತಿನಿಂದ ಅಲ್ಲ. ಧಾರವಾಡದ ಮಾತನ್ನೋ ಮಂಗಳೂರಿನ ಮಾತನ್ನೋ ಜೋಕು ಮಾಡಿ ಚಪ್ಪಾಳೆ ಗಿಟ್ಟಿಸುವ ಚಾಳಿ ನಮ್ಮಲ್ಲಿದೆ. ಅದು ಸೋಮಾರಿಗಳ ಹಾಸ್ಯ. ಹುಡುಗ ಹುಡುಗಿ ನೀವು ಮಾತಾಡುವ ಹಾಗೆಯೇ ಮಾತಾಡಲಿ. ಇಂಗ್ಲಿಷ್ ಪದ ಬಂದರೆ ಬರಲಿ. ಟಿ.ಪಿ. ಕೈಲಾಸಂ 1918ರ ಹೊತ್ತಿಗೇ ಆ ಬೆರಕೆ ಮಾತಿನಿಂದ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದರು, ಅದನ್ನು ಮಾತಾಡುವವರಿಗೇ ಕನ್ನಡಿ ಹಿಡಿದರು.

ಇನ್ನೊಂದು ಎಚ್ಚರ ಇದಕ್ಕಿಂತ ದೊಡ್ಡದು. ಹುಡುಗಿಯನ್ನು ಎತ್ತಿಕೊಂಡು ಹೋಗುವ ಸೋಗಿನ ದೃಶ್ಯ ಇದೆಯಲ್ಲ, ಅಮೆರಿಕದ ನಾಟಕದಲ್ಲಿ ಅಲ್ಲಿ ಬರುವ ಹಾಡು ಅಪಹರಣಕ್ಕೆ ಒಂದು ಹಳೆಯ ಪದ ಬಳಸಿತ್ತು. ಇವತ್ತಿನ ಇಂಗ್ಲಿಷಿನಲ್ಲಿ ಆ ಪದಕ್ಕೆ ಅತ್ಯಾಚಾರ ಎಂದು ಅರ್ಥ. ಕಾಲ ಬದಲಾದ ಹಾಗೆ ಜನ ಆಕ್ಷೇಪಿಸಿದರು. ಬರೆದವರೇ ಬೇರೆ ಹಾಡು ಕಟ್ಟಿಕೊಟ್ಟರು. ಅದು ಸೋಲಲ್ಲ, ಗೆಳೆಯರೇ, ನಾಟಕ ಇನ್ನೂ ಬದುಕಿದೆ ಎಂಬುದರ ಗುರುತು. ನಮ್ಮ ಸಿನಿಮಾಗಳು ಹುಡುಗಿಯ ಬೆನ್ನು ಹತ್ತುವುದನ್ನೇ ಪ್ರೀತಿ ಅಂತ ಎಷ್ಟೋ ವರ್ಷ ಹಾಡಿ ತೋರಿಸಿವೆ. ನೀವು ಅದನ್ನೇ ಮಾಡಿದರೆ ಹೊಸ ನಾಟಕ ಯಾಕೆ? ಅಪ್ಪಂದಿರು ಬೇಕಾದರೆ ಮನೆಗೆ ಕಳ್ಳ ನುಗ್ಗುವ ಆಟ ಹೂಡಲಿ. ಕಳ್ಳನನ್ನು ಹಿಡಿಯುವವಳು ಹುಡುಗಿಯೇ ಆಗಲಿ, ಹುಡುಗ ಕಿಟಕಿಯಲ್ಲಿ ಸಿಕ್ಕಿಹಾಕಿಕೊಳ್ಳಲಿ. ಬರೆಯುವ ಗುಂಪಿನಲ್ಲಿ ಹುಡುಗಿಯರು ಅರ್ಧದಷ್ಟಾದರೂ ಇರಲಿ. ಯಾವುದು ತಮಾಷೆ, ಯಾವುದು ಅಲ್ಲ ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ.

ನಾಳೆಯಿಂದ ಏನು ಮಾಡಬೇಕು?

ಎಂಟು ಜನ ಸಾಕು. ಹುಡುಗ, ಹುಡುಗಿ, ಇಬ್ಬರು ಅಪ್ಪಂದಿರು ಅಥವಾ ಇಬ್ಬರು ಅಮ್ಮಂದಿರು, ಬಾಡಿಗೆ ಬಂಟ, ಗೋಡೆ ಹಿಡಿಯುವವನು, ಹಾರ್ಮೋನಿಯಂ, ತಬಲ. ಅಪ್ಪಂದಿರ ಪಾತ್ರಕ್ಕೆ ನಿಮ್ಮಲ್ಲೇ ಇಬ್ಬರನ್ನು ಆರಿಸಿ. ಎರಡು ತಿಂಗಳು ಅಪ್ಪನ ಹಾಗೆ ನಿಂತು, ಕೆಮ್ಮಿ, ಗದರಿ ನೋಡಿದ ಮೇಲೆ ನಿಮ್ಮ ಮನೆಯ ಅಪ್ಪ ಬೇರೆಯೇ ಮನುಷ್ಯನಾಗಿ ಕಾಣುತ್ತಾನೆ.

ರೆಕಾರ್ಡು ಹಾಕಿ ತುಟಿ ಆಡಿಸಬೇಡಿ. ಸ್ವರ ತಪ್ಪಿದರೂ ಪರವಾಗಿಲ್ಲ, ನಿಮ್ಮ ಗಂಟಲಿನದೇ ಇರಲಿ. ನೂರೈವತ್ತು ಜನರ ಹಾಲಿನಲ್ಲಿ ಮೈಕಿಲ್ಲದೆ ಹಾಡಿ. ಮಾತಿನ ಪ್ರತಿ ಅಕ್ಷರವೂ ಕೊನೆಯ ಬೆಂಚಿಗೆ ತಲುಪಬೇಕು. 'ಅ'ಕಾರ 'ಹ'ಕಾರ, 'ಲ' 'ಳ' ತೊಳೆದಿಟ್ಟ ಹಾಗೆ ಕೇಳಬೇಕು. ವಾರಕ್ಕೊಂದು ಹಾಡು ಕಟ್ಟಿ, ಆರೇಳು ಹಾಡಿಗೆ ನಿಲ್ಲಿಸಿ. ಎಲ್ಲಿ ಮಾತಿನಲ್ಲಿ ಹೇಳಲಾಗುವುದಿಲ್ಲವೋ ಅಲ್ಲಿ ಮಾತ್ರ ಹಾಡು ಬರಲಿ. ಹುಡುಗ ಹುಡುಗಿ ಸುಮ್ಮನೆ ಕೂತಿರುವ ಒಂದು ಗಳಿಗೆಯೂ ಇರಲಿ. ಎಲ್ಲವನ್ನೂ ತುಂಬಿಸಬೇಡಿ.

ಮೊದಲ ದಿನ ಇಪ್ಪತ್ತೇ ಜನ ಬರಬಹುದು. ಸಲ್ಲಿವನ್ ಸ್ಟ್ರೀಟಿನಲ್ಲೂ ಶುರುವಿನಲ್ಲಿ ಕುರ್ಚಿಗಳು ಖಾಲಿ ಇದ್ದವು ಎಂಬುದನ್ನು ನೆನಪಿಡಿ. ಆ ಇಪ್ಪತ್ತು ಜನರಲ್ಲಿ ಒಬ್ಬ ಹುಡುಗಿ ಮನೆಗೆ ಹೋಗುವಾಗ ಬಸ್ಸಿನಲ್ಲಿ ನಿಮ್ಮ ಹಾಡಿನ ಒಂದು ಸಾಲನ್ನು ಗುನುಗಿದರೆ, ಪಕ್ಕದಲ್ಲಿರುವ ಗೆಳತಿ 'ಇದು ಯಾವ ಸಿನಿಮಾದ್ದೇ?' ಅಂತ ಕೇಳಿದರೆ, 'ಸಿನಿಮಾದ್ದಲ್ಲ, ನಮ್ಮ ಹುಡುಗರು ಬರೆದದ್ದು' ಅಂತ ಅವಳು ಹೇಳಿದರೆ, ನಿಮ್ಮ ನಾಟಕ ಗೆದ್ದ ಹಾಗೆ.

ಕೋಲು ತನ್ನಿ, ಒಂದು ಹಿಡಿ ಬಣ್ಣದ ಕಾಗದ ತನ್ನಿ, ಬರೆಯಲು ಕೂತುಕೊಳ್ಳಿ. ಆಡುವ ದಿನ ತಿಳಿಸಿ. ಮೂಗು ಮುರಿಯುವ ಹಿರಿಯರನ್ನು ಕರೆತಂದು ಮೊದಲ ಸಾಲಿನಲ್ಲಿ ಕೂರಿಸುವ ಹೊಣೆ ನನ್ನದು.